ಸಿರುಗುಪ್ಪ ಕೋರ್ಟಿನಲ್ಲಿ ಸಾವಿರ ರೂಪಾಯಿಯ ಕೇಸು

ಬಳ್ಳಾರಿಯಿಂದ ಹೊರಟ ಬಸ್ಸು ತೆಕ್ಕಲಕೋಟೆ ದಾಟುವ ಹೊತ್ತಿಗೆ ರಸ್ತೆಯ ಎರಡೂ ಬದಿ ಗದ್ದೆಗಳಲ್ಲಿ ನೀರು ನಿಂತಿತ್ತು. 2025ರ ಜುಲೈ ಕೊನೆಯ ವಾರ. ಕಾಲುವೆಗೆ ನೀರು ಬಂದು ನಾಟಿ ಶುರುವಾಗಿತ್ತು. ಟ್ರ್ಯಾಕ್ಟರ್ ಟ್ರಾಲಿಗಳಲ್ಲಿ ಹೆಣ್ಣಾಳುಗಳು ಒಬ್ಬರಿಗೊಬ್ಬರು ಒತ್ತಿಕೊಂಡು ನಿಂತು ಕೆಲಸಕ್ಕೆ ಹೊರಟಿದ್ದರು. ಸಿರುಗುಪ್ಪ ಎಂದರೆ ಸಿರಿಯ ಗುಪ್ಪೆ, ಸಂಪತ್ತಿನ ರಾಶಿ ಎಂದು ಇಲ್ಲಿಯವರು ಊರ ಹೆಸರಿಗೆ ಅರ್ಥ ಹೇಳುತ್ತಾರೆ. ತುಂಗಭದ್ರೆಯ ದಂಡೆಯ ಈ ಭತ್ತದ ಸೀಮೆಗೆ ಆ ಹೆಸರು ಸಲ್ಲುತ್ತದೆ. ಆದರೆ ನಾನು ಅವತ್ತು ಭತ್ತ ನೋಡಲು ಹೊರಟವನಲ್ಲ. ನನ್ನ ಅಕ್ಕನ ಮಗ, ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುವ ಹುಡುಗ, ಜೀವನದಲ್ಲಿ ಮೊದಲ ಸಲ ಕೋರ್ಟಿನ ಮೆಟ್ಟಿಲು ಹತ್ತುವವನಿದ್ದ. ‘ಮಾಮ, ನೀನೂ ಬಾ, ನನಗೆ ಅಲ್ಲಿ ಏನು ಮಾತಾಡಬೇಕೋ ತಿಳಿಯಲ್ಲ’ ಎಂದು ಹಿಂದಿನ ರಾತ್ರಿ ಫೋನ್ ಮಾಡಿದ್ದ.

ನಡೆದದ್ದು ಇಷ್ಟು. ಜನವರಿಯ ಒಂದು ಸಂಜೆ ಗಿರಣಿ ಕೆಲಸ ಮುಗಿಸಿ ಬೈಕಿನಲ್ಲಿ ಊರಿಗೆ ಹೊರಟಿದ್ದಾಗ ದಾರಿಯಲ್ಲಿ ಪೊಲೀಸರು ತಪಾಸಣೆಗೆ ನಿಲ್ಲಿಸಿದರು. ತಲೆಯ ಮೇಲೆ ಹೆಲ್ಮೆಟ್ ಇತ್ತು, ಲೈಸೆನ್ಸ್ ಇತ್ತು, ಆರ್‌ಸಿ ಇತ್ತು. ಇನ್ಶೂರೆನ್ಸ್ ಕಾಗದ ಫೋನಿನಲ್ಲಿತ್ತು, ಫೋನಿನ ಚಾರ್ಜು ಮುಗಿದಿತ್ತು. ‘ಕಟ್ಟೀನ್ರಿ ಸಾರ್, ನಾಳೆ ಬೆಳಿಗ್ಗೆ ತಂದು ತೋರಿಸ್ತೀನಿ’ ಎಂದ. ‘ಕಾಗದ ಇಲ್ಲ ಅಂದ್ರೆ ಇನ್ಶೂರೆನ್ಸ್ ಇಲ್ಲ, ಸಾವಿರ ಕಟ್ಟು’ ಎಂದರು. ಇವನು ಒಪ್ಪಲಿಲ್ಲ. ಲೈಸೆನ್ಸ್ ಇಟ್ಟುಕೊಂಡು ಒಂದು ಚೀಟಿ ಕೊಟ್ಟು ಕಳಿಸಿದರು. ಮಾರನೆಯ ದಿನ ಪಾಲಿಸಿಯ ಪ್ರಿಂಟು ಹಿಡಿದು ಹೋದರೆ, ಕೇಸು ಬರೆದಾಗಿದೆ, ಇನ್ನು ಕೋರ್ಟಿನಲ್ಲೇ ಹೇಳಿಕೋ ಎಂಬ ಉತ್ತರ ಸಿಕ್ಕಿತು. ಜೂನ್‌ನಲ್ಲಿ ಸಮನ್ಸ್ ಬಂತು.

ಆ ಚೀಟಿಯ ಬಗ್ಗೆ ಇಲ್ಲೇ ಒಂದು ಮಾತು. ಪೊಲೀಸರು ಲೈಸೆನ್ಸ್ ವಶಕ್ಕೆ ಪಡೆದರೆ ಅದಕ್ಕೆ ಸ್ವೀಕೃತಿ ಕೊಡಲೇಬೇಕು ಎಂದು ಮೋಟಾರು ವಾಹನ ಕಾಯ್ದೆಯ 206ನೇ ಕಲಂ ಹೇಳುತ್ತದೆ. ಲೈಸೆನ್ಸ್ ವಾಪಸಾಗುವ ತನಕ, ಅಥವಾ ಅದರಲ್ಲಿ ಬರೆದ ತಾರೀಖಿನ ತನಕ, ಆ ಸ್ವೀಕೃತಿಯೇ ಗಾಡಿ ಓಡಿಸಲು ಪರವಾನಗಿ. ಅಳಿಯ ಜೇಬಿನಲ್ಲಿ ಮಡಿಸಿಟ್ಟು ಮಡಿಸಿಟ್ಟು ಅದು ಮಡಿಕೆಯಲ್ಲಿ ಹರಿದುಹೋಗಿತ್ತು. ಲ್ಯಾಮಿನೇಷನ್ ಮಾಡಿಸಿಕೊಂಡಿದ್ದ. ಅವನ ಮಟ್ಟಿಗೆ ಅದು ಕೆಲಸಕ್ಕೆ ಹೋಗಿಬರುವ ಹಕ್ಕಿನ ಪತ್ರ.

ಬಸ್ ನಿಲ್ದಾಣದ ಹತ್ತಿರ ಒಗ್ಗರಣಿ ಮಿರ್ಚಿ ತಿಂದೆವು. ಅವನಿಗೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಮನೆಯಲ್ಲಿ ಅಕ್ಕ ಹೇಳಿ ಕಳಿಸಿದ್ದಳಂತೆ: ಕೋರ್ಟಿಗೆ ಹೋದವರಲ್ಲಿ ಗೆದ್ದವ ಸೋತ, ಸೋತವ ಸತ್ತ, ಸಾವಿರ ಬಿಸಾಕಿ ಬಾ. ಗಿರಣಿಯಲ್ಲೂ ಎಲ್ಲರದೂ ಅದೇ ಮಾತು. ‘ಒಪ್ಪಿಕಂಡ್ರೆ ಇವತ್ತೇ ಮುಗೀತೈತಂತೆ ಮಾಮ’ ಎಂದ. ನಾನು ಏನೂ ಹೇಳಲಿಲ್ಲ. ಹೇಳುವ ಮೊದಲು ಅವನ ಸಮನ್ಸ್ ಓದಬೇಕಿತ್ತು.

ಓದಿದಾಗ ಗಾಬರಿಯಾಯಿತು. ಅದರಲ್ಲಿದ್ದದ್ದು 146 ಸಹಿತ 196ನೇ ಕಲಂ. ವಿಮೆ ಇಲ್ಲದ ಗಾಡಿ ಓಡಿಸಿದ ಅಪರಾಧ. 2019ರ ತಿದ್ದುಪಡಿಯ ನಂತರ ಇದಕ್ಕೆ ಮೊದಲ ಸಲಕ್ಕೆ ಎರಡು ಸಾವಿರದ ದಂಡ, ಅಥವಾ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ಆ ವರ್ಷ ಸೆಪ್ಟೆಂಬರ್ 1ರಂದು ಹೊಸ ದಂಡಗಳು ಜಾರಿಯಾದಾಗ ಜನ ರೊಚ್ಚಿಗೆದ್ದರು. ಅದೇ ತಿಂಗಳು ಕರ್ನಾಟಕ ಸರ್ಕಾರ ಹಲವು ದಂಡಗಳನ್ನು ಇಳಿಸಿತು; ಹೆಲ್ಮೆಟ್ ಇಲ್ಲದ್ದಕ್ಕೆ ಸಾವಿರದ ಬದಲು 500, ದ್ವಿಚಕ್ರ ವಾಹನಕ್ಕೆ ವಿಮೆ ಇಲ್ಲದ್ದಕ್ಕೆ ಸಾವಿರ. ಈ ಸಾವಿರ ರಸ್ತೆಯಲ್ಲೇ ಕಟ್ಟಿ ಮುಗಿಸಿಕೊಳ್ಳುವ ಮೊತ್ತ. ಕಾಯ್ದೆಯ 200ನೇ ಕಲಂ ಅದನ್ನು ರಾಜಿ ಎನ್ನುತ್ತದೆ. ರಾಜಿಯಾದರೆ ಕೇಸೇ ಇಲ್ಲ. ಆದರೆ ಕೇಸು ಕೋರ್ಟಿಗೆ ಬಂದ ಮೇಲೆ ‘ತಪ್ಪಾಯ್ತು’ ಎಂದರೆ ಅದು ರಾಜಿಯಲ್ಲ, ಅಪರಾಧ ಸಾಬೀತು. ಜೈಲಿಗೂ ಅವಕಾಶವಿರುವ ಕಲಮಿನಲ್ಲಿ, ಮಾಡದ ತಪ್ಪಿಗೆ. ಇದನ್ನು ಅವನಿಗೆ ಬಿಡಿಸಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇನ್ಶೂರೆನ್ಸ್ ಇತ್ತಲ್ಲ ಮಾಮ’ ಎಂದ. ಅಷ್ಟೇ ಅವನ ವಾದ. ನನಗೂ ಅದು ಸಾಕೆನಿಸಿತು.

ಕೋರ್ಟಿನ ಅಂಗಳಕ್ಕೆ ಬಂದಾಗ ಹತ್ತೂವರೆ. ಹೊಸಬರಿಗೆ ಇಲ್ಲಿ ಮೊದಲು ಕಾಣಬೇಕಾದ್ದು ನೋಟಿಸ್ ಬೋರ್ಡು. ಆ ದಿನ ಯಾವ ಕೇಸು ಯಾವ ಕ್ರಮದಲ್ಲಿ ಬರುತ್ತದೆ ಎಂಬ ಪಟ್ಟಿ ಅಲ್ಲಿರುತ್ತದೆ. ಸಮನ್ಸಿನ ಮೇಲಿನ ಸಿ.ಸಿ. ನಂಬರು, ಅಂದರೆ ಕ್ರಿಮಿನಲ್ ಕೇಸಿನ ಸಂಖ್ಯೆ, ಹಿಡಿದು ಪಟ್ಟಿಯಲ್ಲಿ ಬೆರಳಾಡಿಸಬೇಕು. ಫೋನಿದ್ದರೆ ಇ-ಕೋರ್ಟ್ಸ್ ಆ್ಯಪಿನಲ್ಲೂ ಇದು ಸಿಗುತ್ತದೆ. ಪ್ರತಿ ಕೇಸಿಗೂ ಸಿಎನ್‌ಆರ್ ಎಂಬ 16 ಅಕ್ಷರ, ಅಂಕಿಗಳ ಗುರುತು ಇರುತ್ತದೆ. ಅದನ್ನು ಹಾಕಿದರೆ ಮುಂದಿನ ವಾಯಿದೆ ಯಾವತ್ತು ಎಂದು ಮನೆಯಲ್ಲೇ ಕೂತು ತಿಳಿಯಬಹುದು. ಅಂಗಳದಲ್ಲಿದ್ದ ಬಹುತೇಕ ಮಂದಿಗೆ ಇದು ಗೊತ್ತಿರಲಿಲ್ಲ. ಅವರು ನಂಬಿದ್ದು ಕೋರ್ಟ್ ಡ್ಯೂಟಿಯ ಪೊಲೀಸರನ್ನು. ಠಾಣೆಯ ಕೇಸಿನ ಕಾಗದಗಳನ್ನು ಕೋರ್ಟಿಗೆ ಮುಟ್ಟಿಸುವ, ಸಮನ್ಸ್ ಒಯ್ಯುವ, ಸಾಕ್ಷಿಗಳನ್ನು ಕರೆತರುವ ಕೆಲಸ ಅವರದು. ಅವರ ಸುತ್ತ ಹತ್ತಿಪ್ಪತ್ತು ಜನ ಮುತ್ತಿಕೊಂಡು, ನಂದು ಯಾವಾಗ್ರಿ, ನಂದು ಬಂತೇನ್ರಿ ಎಂದು ಕೇಳುತ್ತಿದ್ದರು.

ಜೆರಾಕ್ಸ್ ಅಂಗಡಿ, ಟೈಪಿಂಗ್ ಮಾಡುವವರು, ಕರಿ ಕೋಟು ತೋಳಿನ ಮೇಲೆ ಹಾಕಿಕೊಂಡು ಚಹಾ ಕುಡಿಯುವ ವಕೀಲರು. ಮಾತಿನಲ್ಲಿ ಕನ್ನಡವೂ ತೆಲುಗೂ ಒಂದರೊಳಗೊಂದು ಹೆಣೆದುಕೊಂಡಿದ್ದವು. ಅಚ್ಚರಿಯಿಲ್ಲ. 1953ರ ಅಕ್ಟೋಬರ್ 1ರ ತನಕ ಈ ತಾಲ್ಲೂಕು ಮದರಾಸಿನದಾಗಿತ್ತು. ಅವತ್ತು ಬಳ್ಳಾರಿ ಜಿಲ್ಲೆ ಹಂಚಿಹೋದಾಗ ಪಕ್ಕದ ಆದೋನಿ ಆಂಧ್ರಕ್ಕೆ ಸೇರಿತು, ಸಿರುಗುಪ್ಪ ಮೈಸೂರಿಗೆ ಬಂತು. ಗಡಿ ಕಾಗದದ ಮೇಲೆ ಬಿತ್ತೇ ಹೊರತು ಬೀಗತನ, ವ್ಯಾಪಾರ, ಗಾಡಿಗಳ ಓಡಾಟ ನಿಲ್ಲಲಿಲ್ಲ.

ಹನ್ನೊಂದಕ್ಕೆ ನ್ಯಾಯಾಧೀಶರು ಪೀಠಕ್ಕೆ ಬಂದರು. ಎಲ್ಲರೂ ಎದ್ದು ನಿಂತು ಕೂತರು. ಪೀಠದ ಕೆಳಗೆ ಕಡತಗಳ ರಾಶಿಯ ನಡುವೆ ಬೆಂಚ್ ಗುಮಾಸ್ತರು, ಒಂದು ಬದಿಗೆ ಸರ್ಕಾರದ ಪರ ವಾದಿಸುವ ಸಹಾಯಕ ಸರ್ಕಾರಿ ಅಭಿಯೋಜಕರು, ಬಾಗಿಲಲ್ಲಿ ಹೆಸರು ಕೂಗುವ ಅಟೆಂಡರು. ಈ ಕೂಗು ಬಲು ಮುಖ್ಯ. ಹೊರಗೆ ಚಹಾ ಕುಡಿಯುತ್ತ ಕೂತವನಿಗೆ ಅದು ಕೇಳಿಸದಿದ್ದರೆ ಗೈರುಹಾಜರಿ ಬೀಳುತ್ತದೆ. ಗೈರಾದವರ ಮೇಲೆ ವಾರಂಟು ಹೊರಡುತ್ತದೆ. ಐನೂರರ ಕೇಸಿನಲ್ಲಿ ಬಾಗಿಲಿಗೆ ಪೊಲೀಸರು ಬಂದು ನಿಂತು ಹಳ್ಳಿಯಲ್ಲಿ ಮಾನ ಹೋಗುವುದು ಹೀಗೆಯೇ. ಆದ್ದರಿಂದ ಮೊದಲ ಬುದ್ಧಿಮಾತು: ಹನ್ನೊಂದರಿಂದ ನಿಮ್ಮ ಹೆಸರು ಬರುವ ತನಕ ಬಾಗಿಲ ಹತ್ತಿರವೇ ಇರಿ.

ಸಣ್ಣ ಕೇಸುಗಳ ಕೂಗು ಶುರುವಾಯಿತು. ಪೊಲೀಸರ ಮಾತಿನಲ್ಲಿ ಇವೆಲ್ಲ ‘ಐಎಂವಿ ಕೇಸು’. ಹೆಲ್ಮೆಟ್ ಇಲ್ಲ, ಮೂರು ಜನ ಕೂತಿದ್ದರು, ಲೈಸೆನ್ಸ್ ಇಲ್ಲ. ಒಬ್ಬೊಬ್ಬರೇ ಮುಂದೆ ಬಂದು ಕೈ ಕಟ್ಟಿ ನಿಲ್ಲುತ್ತಾರೆ. ನ್ಯಾಯಾಧೀಶರು ಆರೋಪ ಓದಿ ಹೇಳುತ್ತಾರೆ. ‘ಒಪ್ಪಿಕೊಳ್ತೀರಾ?’ ‘ತಪ್ಪಾಯ್ತು ಸ್ವಾಮಿ.’ ದಂಡ, ರಸೀದಿ, ಮುಂದಿನ ಹೆಸರು. ವಯಸ್ಸಾದ ಒಬ್ಬರಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಅವರಿಗೆ ಅದನ್ನೇ ತೆಲುಗಿನಲ್ಲಿ ಹೇಳಿಸಿದರು. ಅವರ ಉತ್ತರ ತೆಲುಗಿನಲ್ಲಿ ಬಂತು, ಅರ್ಥ ಅದೇ.

ಅವರಲ್ಲಿ ಹೆಚ್ಚಿನವರು ನಿಜಕ್ಕೂ ತಪ್ಪು ಮಾಡಿದವರೇ ಎಂದು ನನ್ನ ಎಣಿಕೆ. ತಪ್ಪು ಮಾಡಿದವರು ದಂಡ ಕಟ್ಟಲೇಬೇಕು. ಇದನ್ನು ಸುಮ್ಮನೆ ಹೇಳುತ್ತಿಲ್ಲ. ಬಳ್ಳಾರಿಯಿಂದ ಸಿರುಗುಪ್ಪ ಹಾದು ಸಿಂಧನೂರಿನ ಕಡೆಗೆ ಹೋಗುವ 150ಎ ರಾಷ್ಟ್ರೀಯ ಹೆದ್ದಾರಿಯಲ್ಲಿ ರಾತ್ರಿ ಓಡಾಡಿದವರಿಗೆ ಗೊತ್ತು. ಸುಗ್ಗಿಯಲ್ಲಿ ಈ ಸೀಮೆಯ ರಸ್ತೆಗಳ ಅರ್ಧ ಭಾಗದಲ್ಲಿ ಭತ್ತ ಒಣಹಾಕುತ್ತಾರೆ, ಅಂಚಿಗೆ ಸಾಲಾಗಿ ಕಲ್ಲಿಡುತ್ತಾರೆ. ಎದುರಿಗೆ ಲಾರಿ ದೀಪ ಕಣ್ಣಿಗೆ ಹೊಡೆದ ಕ್ಷಣದಲ್ಲಿ ಬೈಕಿನ ಮುಂಗಾಲಿ ಆ ಕಲ್ಲಿಗೆ ಏರಿದರೆ ತಲೆ ಉಳಿಸುವುದು ಹೆಲ್ಮೆಟ್ ಒಂದೇ. ಸರಕು ಗಾಡಿಯಲ್ಲಿ ಜನರನ್ನು ತುಂಬಿದರೆ ಚಾಲಕನ ಲೈಸೆನ್ಸ್ ಮೂರು ತಿಂಗಳಿಗೆ ಕಡಿಮೆಯಿಲ್ಲದಂತೆ ಅಮಾನತು ಮಾಡಬೇಕೆಂದು ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿ 2015ರ ಆಗಸ್ಟ್‌ನಲ್ಲೇ ರಾಜ್ಯಗಳಿಗೆ ಹೇಳಿದೆ. ಬೆಳಿಗ್ಗೆ ಕಂಡ ಆ ಟ್ರಾಲಿಗಳು ನನ್ನ ಕಣ್ಣ ಮುಂದೆಯೇ ಇದ್ದವು. ಗಾಡಿಗೆ ವಿಮೆ ಕೂಡ ಪೊಲೀಸರಿಗೆ ತೋರಿಸುವ ಕಾಗದವಲ್ಲ. ವಿಮೆ ಇಲ್ಲದ ಗಾಡಿ ಯಾರನ್ನಾದರೂ ಬಲಿ ತೆಗೆದುಕೊಂಡರೆ ಪರಿಹಾರದ ಹೊಣೆ ಮಾಲೀಕನ ಮೇಲೆಯೇ ಬೀಳುತ್ತದೆ, ಹೊಲ ಮನೆ ಮಾರಿದರೂ ತೀರದಷ್ಟು. ಅವನ ಹತ್ತಿರ ಕೊಡಲು ಇಲ್ಲದಿದ್ದರೆ, ಕಳೆದುಕೊಂಡ ಕುಟುಂಬದ ಕೈಗೆ ಪರಿಹಾರ ಬರುವುದೂ ಕಷ್ಟ.

ಆದರೆ ಅಂಥದೇ ಸಾಲಿನಲ್ಲಿ ತಪ್ಪು ಮಾಡದವನೂ ನಿಂತಿರುತ್ತಾನೆ. ಅವನಿಗೂ ಅದೇ ಪ್ರಶ್ನೆ ಬರುತ್ತದೆ. ಮುಂದಿನ ಹದಿನೈದು ಜನ ‘ತಪ್ಪಾಯ್ತು’ ಎಂದು ಹೋಗಿದ್ದರೆ ಹದಿನಾರನೆಯವನ ನಾಲಿಗೆಗೂ ಅದೇ ಮಾತು ತಾನಾಗಿ ಬರುತ್ತದೆ. ಆ ಪ್ರಶ್ನೆ ಶಾಸ್ತ್ರಕ್ಕೆ ಕೇಳುವುದಲ್ಲ, ಅದಕ್ಕೆ ‘ಇಲ್ಲ’ ಎನ್ನುವುದು ಕೂಡ ಸರಿಯಾದ ಉತ್ತರ ಎಂದು ಅವನಿಗೆ ಯಾರೂ ಹೇಳಿರುವುದಿಲ್ಲ. ನಾನು ಈ ಲೇಖನ ಬರೆಯುತ್ತಿರುವುದೇ ಅದಕ್ಕಾಗಿ.

ಅಳಿಯನ ಹೆಸರು ಕೂಗಿದರು. ಚಪ್ಪಲಿ ಬಾಗಿಲಲ್ಲೇ ಬಿಟ್ಟು ಹೋದ. ಗುಡಿಗೆ ಹೋಗುವವನ ಹಾಗೆ. ನ್ಯಾಯಾಧೀಶರು ತಾರೀಖು, ಗಾಡಿ ನಂಬರು, ವಿಮೆ ಇಲ್ಲದೆ ಓಡಿಸಿದ ಆರೋಪ ಓದಿದರು. ‘ಒಪ್ಪಿಕೊಳ್ತೀರಾ?’ ಅವನು ಒಮ್ಮೆ ಹಿಂತಿರುಗಿ ನನ್ನನ್ನು ನೋಡಿದ. ಕೈಯಲ್ಲಿದ್ದ ಪ್ರಿಂಟು ನಡುಗುತ್ತಿತ್ತು.

‘ಇಲ್ಲ ಸ್ವಾಮಿ. ಇನ್ಶೂರೆನ್ಸ್ ಇತ್ರಿ.’

ಸಭಾಂಗಣದಲ್ಲಿ ಒಂದೆರಡು ತಲೆ ಎತ್ತಿ ನೋಡಿದವು. ನ್ಯಾಯಾಧೀಶರ ಮುಖದಲ್ಲಿ ಸಿಟ್ಟೂ ಇಲ್ಲ, ಅಚ್ಚರಿಯೂ ಇಲ್ಲ. ವಕೀಲರಿದ್ದಾರೆಯೇ ಎಂದು ಕೇಳಿದರು. ಇಲ್ಲವೆಂದಾಗ, ಇಟ್ಟುಕೊಳ್ಳಲು ಶಕ್ತಿ ಇಲ್ಲದಿದ್ದರೆ ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಡಿ, ಉಚಿತವಾಗಿ ಕೊಡುತ್ತಾರೆ ಎಂದರು. ಆರೋಪ ನಿರಾಕರಿಸಿದ್ದಾಗಿ ಬರೆಸಿಕೊಂಡರು. ಕರೆದಾಗ ಬರುತ್ತೇನೆಂದು ಮುಚ್ಚಳಿಕೆಗೆ ಸಹಿ ಹಾಕಿಸಿಕೊಂಡು, ಸಾಕ್ಷಿಗಾಗಿ ಆಗಸ್ಟ್ ಕೊನೆಗೆ ವಾಯಿದೆ ಕೊಟ್ಟರು. ಎಲ್ಲ ಸೇರಿ ಮೂರು ನಿಮಿಷವೂ ಆಗಿರಲಿಕ್ಕಿಲ್ಲ. ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ, ‘ಬೈಲಿಲ್ಲ ಮಾಮ’ ಎಂದ. ಬೈಯುತ್ತಾರೆಂದು ಹೆದರಿದ್ದನಂತೆ. ಇದೇ ಹೆದರಿಕೆಯಿಂದ ಎಷ್ಟು ಜನ ಒಪ್ಪಿಕೊಂಡು ಹೋಗಿದ್ದಾರೋ.

ತಾಲ್ಲೂಕು ಕಾನೂನು ಸೇವಾ ಸಮಿತಿಯವರು ಅರ್ಜಿ ಕೊಟ್ಟರು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು ಆದಾಯ ಎಷ್ಟೇ ಇರಲಿ ಉಚಿತ ವಕೀಲರಿಗೆ ಅರ್ಹರು. ಉಳಿದವರಿಗೆ ಆದಾಯದ ಮಿತಿ ಇದೆ. ಹಮಾಲಿ ದುಡಿಯುವ ಹುಡುಗ ಆ ಮಿತಿಯೊಳಗೇ ಬಂದ. ಸಿಕ್ಕ ವಕೀಲರು ಹಿರಿಯರು, ಮಿತಭಾಷಿ. ಪಾಲಿಸಿ ಕೈಗೆತ್ತಿಕೊಂಡು ಕನ್ನಡಕ ಸರಿಮಾಡಿಕೊಂಡು ಅವರು ಮೊದಲು ನೋಡಿದ್ದು ಎರಡು ತಾರೀಖು: ವಿಮೆ ಶುರುವಾದದ್ದು ಯಾವತ್ತು, ಗಂಟೆ ಎಷ್ಟು, ಪೊಲೀಸರು ಹಿಡಿದದ್ದು ಯಾವತ್ತು. ಹಿಡಿದ ಮೇಲೆ ಆತುರಾತುರವಾಗಿ ಮಾಡಿಸಿದ ಪಾಲಿಸಿಗಳನ್ನು ಅವರು ಬೇಕಾದಷ್ಟು ಕಂಡಿದ್ದರು. ಇದು ನವೆಂಬರ್‌ನಲ್ಲೇ ನವೀಕರಿಸಿದ್ದು.

ಆಮೇಲೆ ಅವರು ಹೇಳಿದ ಒಂದು ವ್ಯತ್ಯಾಸ ನನಗೂ ಹೊಸದು. ‘ತಮ್ಮಾ, ಇನ್ಶೂರೆನ್ಸ್ ಇಲ್ಲದಿರೋದು ಬೇರೆ, ಇದ್ದು ತೋರಿಸದಿರೋದು ಬೇರೆ.’ ಕೇಳಿದ ಕಾಗದ ತೋರಿಸದಿದ್ದರೆ ಅದಕ್ಕೆ 130ನೇ ಕಲಂ ಇದೆ, ದಂಡ 177ರ ಕೆಳಗೆ, ಮೊದಲ ಸಲ 500ರವರೆಗೆ. ಜೈಲಿನ ಮಾತೇ ಇಲ್ಲ. ಹೊರಿಸಿದ್ದು ಮಾತ್ರ ದೊಡ್ಡದನ್ನು. ಕಾಗದವನ್ನು ಫೋನಿನಲ್ಲಿ ತೋರಿಸಿದರೂ ಸಾಕು ಎಂದು ಕೇಂದ್ರ ಮೋಟಾರು ವಾಹನ ನಿಯಮಗಳ 139ನೇ ನಿಯಮ 2018ರಿಂದಲೇ ಹೇಳುತ್ತಿದೆ. ಡಿಜಿಲಾಕರ್, ಎಂ-ಪರಿವಾಹನ್ ಆ್ಯಪಿನ ದಾಖಲೆಗೆ ಮುದ್ರಿತ ಕಾಗದದಷ್ಟೇ ಬೆಲೆ. ಗಾಡಿ ನಂಬರು ಒತ್ತಿದರೆ ವಿಮೆ ಜೀವಂತವಿದೆಯೋ ಇಲ್ಲವೋ ಪೊಲೀಸರ ಯಂತ್ರದಲ್ಲೇ ಕಾಣುವ ಕಾಲ ಇದು. ಅವತ್ತು ಒಂದು ನಿಮಿಷ ಅದನ್ನು ನೋಡಿದ್ದರೆ ಈ ಕಡತವೇ ಹುಟ್ಟುತ್ತಿರಲಿಲ್ಲ.

ವಕೀಲರ ಟೇಬಲ್ಲಿನಲ್ಲಿ ಕೂತು ನಾನು ಕಾಯ್ದೆಯ 208ನೇ ಕಲಂ ಓದಿದೆ. ಜೈಲು ಶಿಕ್ಷೆ ಇಲ್ಲದ ಕೇಸುಗಳಲ್ಲಿ, ಕೋರ್ಟಿಗೆ ಬರದೆಯೇ ತಪ್ಪೊಪ್ಪಿಕೊಂಡು ಮನಿಯಾರ್ಡರಿನಲ್ಲಿ ದಂಡ ಕಳಿಸಬಹುದು ಎಂದು ಸಮನ್ಸಿನ ಮೇಲೆ ಬರೆಯಲೇಬೇಕಂತೆ. 1988ರಲ್ಲಿ ಮಾಡಿದ ಕಾನೂನು. ಒಳ್ಳೆಯದೇ. ದೂರದ ಊರಿನವನಿಗೆ ಬಸ್ಸು ಚಾರ್ಜು, ಒಂದು ದಿನದ ಕೂಲಿ ಉಳಿಯುತ್ತದೆ. ಆದರೆ ಒಪ್ಪಿಕೊಳ್ಳುವವನಿಗೆ ಅಂಚೆಯ ದಾರಿ ತೆರೆದಿಟ್ಟ ಕಾನೂನು, ಒಪ್ಪಿಕೊಳ್ಳದವನು ಖುದ್ದಾಗಿ ಬರಬೇಕು ಅಥವಾ ವಕೀಲರನ್ನು ಕಳಿಸಬೇಕು ಎನ್ನುತ್ತದೆ. ಪಾಲಿಸಿಯ ಪ್ರತಿಯನ್ನು ಅದೇ ಅಂಚೆಯಲ್ಲಿ ಹಾಕಿ ‘ನೋಡಿ ಸ್ವಾಮಿ, ವಿಮೆ ಇತ್ತು’ ಎನ್ನಲು ದಾರಿ ಇಲ್ಲ. ಮೂರು ವಾಯಿದೆಗೆ ಮೂರು ದಿನದ ಹಮಾಲಿ ಕೂಲಿ ಹೋದರೆ ಅದು ರಸ್ತೆಯಲ್ಲಿ ಕೇಳಿದ ಸಾವಿರವನ್ನೂ ಮೀರುತ್ತದೆ. ಮಾಡದ ತಪ್ಪಿಗೆ ಜನ ಒಪ್ಪಿಕೊಳ್ಳುವುದು ಹೇಡಿತನದಿಂದಲ್ಲ, ಈ ಲೆಕ್ಕದಿಂದ. ಈ ಲೆಕ್ಕವನ್ನು ಬದಲಿಸುವುದು ಕಾನೂನು ಮಾಡುವವರ ಹೊಣೆ. ವಿಮೆ, ಲೈಸೆನ್ಸ್, ಹೊಗೆ ತಪಾಸಣೆಯಂಥ ಕೇವಲ ಕಾಗದದ ಕೇಸುಗಳನ್ನಾದರೂ ದಾಖಲೆ ನೋಡಿಯೇ ಕೈಬಿಡುವ ವ್ಯವಸ್ಥೆ ಕೋರ್ಟಿನ ಬಾಗಿಲಿಗೆ ಬರುವ ಮೊದಲೇ ಇರಬೇಕು.

ದಿಲ್ಲಿಯಲ್ಲಿ 2019ರಿಂದ ವರ್ಚುವಲ್ ಕೋರ್ಟು ನಡೆಯುತ್ತಿದೆ. ಸಂಚಾರ ಚಲನ್‌ಗೆ ಅಲ್ಲಿ ಫೋನಿನಲ್ಲೇ ದಂಡ ಕಟ್ಟಬಹುದು, ‘ಒಪ್ಪುವುದಿಲ್ಲ’ ಎಂದೂ ಒತ್ತಬಹುದು. ಒಪ್ಪದಿದ್ದರೆ ಕೇಸು ಮಾಮೂಲಿ ಕೋರ್ಟಿಗೆ ಹೋಗುತ್ತದೆ. ಅಂಥ ವ್ಯವಸ್ಥೆ ಒಳ್ಳೆಯದೇ. ಆದರೂ ಕೊನೆಗೆ ನಡೆದು ಬರುವವನು ಒಪ್ಪದವನೇ.

ಆಗಸ್ಟ್ ಕೊನೆಯ ವಾಯಿದೆಗೆ ಮುಂಚೆ ಇನ್ನೊಂದು ಗದ್ದಲ ಎದ್ದಿತು. ಬಾಕಿ ಸಂಚಾರ ದಂಡಕ್ಕೆ ಅರ್ಧ ರಿಯಾಯಿತಿ ಎಂದು ಸರ್ಕಾರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರ ತನಕ ಅವಕಾಶ ಕೊಟ್ಟಿತು. 2023ರ ಫೆಬ್ರುವರಿಯಲ್ಲೂ ಹೀಗೆಯೇ ಕೊಟ್ಟಾಗ ಬೆಂಗಳೂರಿನಲ್ಲಿ ಸಾಲುಗಟ್ಟಿ ನಿಂತು ಕಟ್ಟಿದ್ದರು. ಗಿರಣಿಯ ಗೆಳೆಯರು ‘ಈಗಾದ್ರೂ ಅರ್ಧ ಕಟ್ಟಿ ಕೈ ತೊಳ್ಕೊ’ ಎಂದರು. ಕೇಸು ಆಗಲೇ ಕೋರ್ಟಿನಲ್ಲಿ ವಿಚಾರಣೆಗೆ ನಿಂತಿತ್ತು ಎಂಬುದು ಬೇರೆ ಮಾತು. ಅವನ ಉತ್ತರ, ‘ಅರ್ಧ ತಪ್ಪೂ ಮಾಡಿಲ್ಲಲ್ಲ’ ಎಂದು. ಲೋಕ ಅದಾಲತ್ತಿನ ವಿಷಯವೂ ಹೀಗೆಯೇ. ತಪ್ಪು ಮಾಡಿದವರಿಗೆ ಅದರಷ್ಟು ಬೇಗ ಮುಗಿಯುವ ದಾರಿ ಇನ್ನೊಂದಿಲ್ಲ. ಆದರೆ ಅದು ರಾಜಿಯ ಜಾಗ. ಅಲ್ಲಿ ಆದದ್ದಕ್ಕೆ ಮೇಲ್ಮನವಿ ಇಲ್ಲ. ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡರೂ ಅಷ್ಟೇ. ಶಿಕ್ಷೆ ಹೆಚ್ಚಾಯಿತು, ಕಾನೂನಿಗೆ ಸರಿಯಿಲ್ಲ ಎಂದು ಕೇಳಬಹುದೇ ಹೊರತು, ‘ನಾನು ಮಾಡಿರಲಿಲ್ಲ’ ಎಂದು ಮೇಲಿನ ಕೋರ್ಟಿಗೆ ಹೋಗುವಂತಿಲ್ಲ. ಒಪ್ಪಿಕೊಳ್ಳುವ ಮೊದಲು ಇದನ್ನು ತಿಳಿದಿರಬೇಕು.

ಕ್ಯಾಮೆರಾ ಚಲನ್ ಬಂದವರಿಗೂ ಎರಡು ಮಾತು. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರ ಆಗಸ್ಟ್‌ನಲ್ಲಿ ಸೇರಿಸಿದ 167ಎ ನಿಯಮದ ಪ್ರಕಾರ ತಪ್ಪು ನಡೆದ 15 ದಿನದೊಳಗೆ ನೋಟಿಸ್ ಕಳಿಸಬೇಕು. ಚಿತ್ರದಲ್ಲಿ ತಪ್ಪು ಕಾಣಬೇಕು, ನಂಬರ್ ಪ್ಲೇಟು ಕಾಣಬೇಕು, ದಿನ, ಸಮಯ, ಜಾಗ ಇರಬೇಕು. ಚಿತ್ರ ತೆರೆದು ನೋಡಿ, ಗಾಡಿ ನಿಮ್ಮದೇನಾ? 3 ಮತ್ತು 8 ಅದಲುಬದಲಾಗಿ ಬೇರೆಯವರ ಚಲನ್ ತಮ್ಮ ಮನೆಗೆ ಬಂದವರನ್ನು ನಾನು ಬಲ್ಲೆ. ಇ-ಚಲನ್ ತಾಣದಲ್ಲೇ ದೂರು ಕೊಡುವ ಅವಕಾಶವಿದೆ. ಬರೀ ದಂಡದ ಕೇಸಾದರೆ ತಪ್ಪು ನಡೆದ ಆರು ತಿಂಗಳೊಳಗೆ ಕೋರ್ಟು ಅದನ್ನು ಕೈಗೆತ್ತಿಕೊಂಡಿರಬೇಕು ಎಂಬ ಕಾಲಮಿತಿಯೂ ಇದೆ. ತಡವನ್ನು ಮನ್ನಿಸುವ ಅಧಿಕಾರ ನ್ಯಾಯಾಧೀಶರಿಗಿದೆ, ಆದರೆ ಕಾರಣ ಬೇಕು. ಸಮನ್ಸಿನ ಮೇಲಿನ ತಾರೀಖುಗಳನ್ನು ವಕೀಲರಿಗೆ ತೋರಿಸಿ.

ಆಗಸ್ಟ್‌ನ ವಾಯಿದೆಗೆ ಸಾಕ್ಷಿ ಹೇಳಬೇಕಿದ್ದ ಪೊಲೀಸ್ ಅಧಿಕಾರಿ ಬಂದೋಬಸ್ತಿಗೆ ಹೋಗಿದ್ದರು. ಅಮೆರಿಕದ ಹಲವು ಕಡೆ ಪೊಲೀಸರು ಬರದಿದ್ದರೆ ಟಿಕೆಟ್ಟೇ ವಜಾ ಆಗುತ್ತದೆ ಎಂದು ಅಲ್ಲಿರುವ ನಮ್ಮವರು ಹೇಳುತ್ತಾರೆ. ಇಲ್ಲಿ ಇನ್ನೊಂದು ವಾಯಿದೆ ಬೀಳುತ್ತದೆ. ಒಂದು ದಿನದ ಕೂಲಿ ಹೋಯಿತು. ಅಂದು ಅಳಿಯ ಮೊದಲ ಸಲ ಸೋತವನ ಹಾಗೆ ಕಂಡ. ನಾಟಿ ಕೆಲಸಕ್ಕೆ ರಜೆ ಹಾಕಿ ಬಂದ ಅಕ್ಕ ಅಂಗಳದಲ್ಲಿ ಏನೂ ಮಾತಾಡದೆ ಬುತ್ತಿ ಬಿಚ್ಚಿದಳು.

ಸೆಪ್ಟೆಂಬರ್‌ನಲ್ಲಿ ಅಧಿಕಾರಿ ಬಂದರು, ಪ್ರಾಸಿಕ್ಯೂಷನ್‌ನ ಒಂದನೇ ಸಾಕ್ಷಿಯಾಗಿ ಕಟಕಟೆ ಹತ್ತಿದರು. ದಿನಾಂಕ, ಜಾಗ, ಗಾಡಿ ನಂಬರು ಎಲ್ಲ ಸರಿಯಾಗಿಯೇ ಹೇಳಿದರು. ಪಾಟೀ ಸವಾಲಿನಲ್ಲಿ ನಮ್ಮ ವಕೀಲರು ಕೇಳಿದ್ದು ಮೂರೇ ಪ್ರಶ್ನೆ. ಇನ್ಶೂರೆನ್ಸ್ ಇದೆ, ನಾಳೆ ತೋರಿಸುತ್ತೇನೆ ಎಂದು ಆರೋಪಿ ಹೇಳಿದ್ದು ನಿಜವೇ? ನಿಜ. ಅವತ್ತು ಗಾಡಿ ನಂಬರು ಹಾಕಿ ವಿಮೆ ಇದೆಯೋ ಎಂದು ಪರಿಶೀಲಿಸಿದಿರಾ? ಇಲ್ಲ. ಈ ಪಾಲಿಸಿ ನೋಡಿ, ಆ ದಿನಕ್ಕೆ ಚಾಲ್ತಿಯಲ್ಲಿತ್ತು ಎಂದರೆ ಸರಿಯೇ? ಅಧಿಕಾರಿ ಕಾಗದ ತಿರುವಿ ನೋಡಿ, ಸರಿ ಎಂದರು. ಸುಳ್ಳು ಹೇಳಲಿಲ್ಲ, ಅಡ್ಡ ಮಾತಾಡಲಿಲ್ಲ. ಅದಕ್ಕೆ ನಾನು ಅವರಿಗೆ ಮನಸಾರೆ ನಮಸ್ಕರಿಸುತ್ತೇನೆ. ಪಾಲಿಸಿಯ ಮೇಲೆ ‘ನಿ.ಡಿ.1’ ಎಂದು ಗುರುತು ಬಿತ್ತು. ನಿಶಾನೆ ಡಿ ಒಂದು, ಅಂದರೆ ಆರೋಪಿಯ ಕಡೆಯ ಮೊದಲ ದಾಖಲೆ. ಎಂಟು ತಿಂಗಳು ಯಾರೂ ನೋಡದ ಕಾಗದ ಕೊನೆಗೆ ಕೋರ್ಟಿನ ಕಡತ ಸೇರಿತು.

ಆರೋಪಿಯ ಹೇಳಿಕೆ ಕೇಳಿದಾಗ ಅವನು ಜುಲೈನಲ್ಲಿ ಹೇಳಿದ್ದನ್ನೇ ಹೇಳಿದ. ಈ ಸಲ ಧ್ವನಿ ನಡುಗಲಿಲ್ಲ. ಮಧ್ಯಾಹ್ನದ ನಂತರ ತೀರ್ಪು ಬಂತು: ಆರೋಪಿಯನ್ನು 196ನೇ ಕಲಮಿನ ಅಪರಾಧದಿಂದ ಖುಲಾಸೆ ಮಾಡಲಾಗಿದೆ, ಮುಚ್ಚಳಿಕೆ ರದ್ದು, ಲೈಸೆನ್ಸ್ ಹಿಂದಿರುಗಿಸತಕ್ಕದ್ದು.

ಅಂದು ಸಂಜೆ ಅವನು ಲೈಸೆನ್ಸ್ ಪಡೆದು, ಲ್ಯಾಮಿನೇಷನ್ ಮಾಡಿಸಿದ್ದ ಆ ಚೀಟಿಯನ್ನು ಮನೆಯ ಟ್ರಂಕಿನಲ್ಲಿ ಹಾಕಿಟ್ಟ. ಪಾಲಿಸಿಯ ಒಂದು ಪ್ರಿಂಟು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬೈಕಿನ ಸೀಟಿನ ಕೆಳಗೆ ಹೋಯಿತು. ನೀವೂ ಇವತ್ತೇ ಅಷ್ಟು ಮಾಡಿ. ಚಲನ್ ಕೈಗೆ ಬಂದರೆ ದುಡ್ಡಿನ ಮೊತ್ತಕ್ಕಿಂತ ಮೊದಲು ಕಲಂ ಓದಿ. ತಪ್ಪು ನಿಮ್ಮದಾದರೆ ಅಲ್ಲೇ ಕಟ್ಟಿ ರಸೀದಿ ಪಡೆಯಿರಿ. ನಿಮ್ಮದಲ್ಲವಾದರೆ ಕೋರ್ಟಿನಲ್ಲಿ ಹಾಗೆಂದು ಹೇಳಿ. ವಕೀಲರಿಗೆ ಕೊಡಲು ಹಣವಿಲ್ಲದವರು ನಿಮ್ಮ ತಾಲ್ಲೂಕಿನ ಕಾನೂನು ಸೇವಾ ಸಮಿತಿಯನ್ನು ಕಾಣಿ. ಸಹಾಯವಾಣಿ ಸಂಖ್ಯೆ 15100. ಕರೆ ಉಚಿತ.